ಪರ್ತ್‌ನ ಬಿಳಿಬಾಲದ ಕಪ್ಪು ಕಾಕಟೂ: ಕಾರ್ನಬಿಯೋ, ಬೋಡಿನ್ನೋ?

ನಿಮ್ಮ ಪ್ರಶ್ನೆ ಇದು: ಪರ್ತ್‌ನಲ್ಲಿ ಮನೆ ಹಿಂದಿನ ಮರಕ್ಕೆ ಬಾಲದಲ್ಲಿ ಬಿಳಿ ಪಟ್ಟಿ ಇರುವ ಕಪ್ಪು ಕಾಕಟೂಗಳು ಬರುತ್ತಿವೆ, ಕೆಲವಕ್ಕೆ ಕೊಕ್ಕು ಬಿಳಿ, ಕೆಲವಕ್ಕೆ ಕಪ್ಪು. ಇಲ್ಲಿ ಅಂಥ ಕಾಕಟೂಗಳಲ್ಲಿ ಬೋಡಿನ್, ಕಾರ್ನಬಿ ಅಂತ ಎರಡು ಜಾತಿ ಇವೆ, ಹಾಗಾದರೆ ಒಂದು ಬೋಡಿನ್, ಇನ್ನೊಂದು ಕಾರ್ನಬಿ ಅಂದುಕೊಳ್ಳಬಹುದಾ?

ಇಲ್ಲ. ಕೊಕ್ಕಿನ ಬಣ್ಣದಿಂದ ಗೊತ್ತಾಗೋದು ಗಂಡೋ ಹೆಣ್ಣೋ ಅಂತ ಮಾತ್ರ. ಎರಡೂ ಜಾತಿಯಲ್ಲಿ ಬೆಳೆದ ಗಂಡಿನ ಕೊಕ್ಕು ಕಪ್ಪು, ಕಣ್ಣಿನ ಸುತ್ತ ಗುಲಾಬಿ ಬಣ್ಣ. ಹೆಣ್ಣಿನ ಕೊಕ್ಕು ಮಾಸಲು ಬಿಳಿ, ಕಣ್ಣಿನ ಸುತ್ತ ಬೂದು, ಕೆನ್ನೆಯ ಮಚ್ಚೆ ಮಾತ್ರ ಗಂಡಿನದಕ್ಕಿಂತ ಬೆಳ್ಳಗೆ. ನೀವು ನೋಡಿದ್ದು ಬಹುಶಃ ಒಂದೇ ಜಾತಿಯ ಗಂಡು ಹೆಣ್ಣುಗಳು.

ಜಾತಿ ಗುರುತಿಸೋಕೆ ನೋಡಬೇಕಾದ್ದು ಮೇಲಿನ ಕೊಕ್ಕಿನ ಉದ್ದ. ಬೋಡಿನ್‌ದು ಉದ್ದ, ಸಪೂರ. ಕಾರ್ನಬಿಯದು ಗಿಡ್ಡ, ಅಗಲ. ಓದೋಕೆ ಸುಲಭ ಅನ್ನಿಸುತ್ತೆ, ಆದ್ರೆ ಹಕ್ಕಿ ಎತ್ತರದಲ್ಲಿ ಕೂತು ನಿಮ್ಮ ಕಡೆಗೇ ಮುಖ ಮಾಡಿದ್ದರೆ, ಅಥವಾ ಕೆನ್ನೆಯ ಗರಿ ಉಬ್ಬಿಸಿ ಅರ್ಧ ಕೊಕ್ಕು ಮುಚ್ಚಿಕೊಂಡಿದ್ದರೆ, ಎಂಥ ಬೈನಾಕ್ಯುಲರ್ ಇದ್ದರೂ ಏನೂ ತಿಳಿಯಲ್ಲ. ಅದು ತಲೆ ಪಕ್ಕಕ್ಕೆ ತಿರುಗಿಸುವವರೆಗೆ ಕಾಯಬೇಕು. 1948ರಲ್ಲಿ ಪಕ್ಷಿಗಳನ್ನು ಅಧ್ಯಯನ ಮಾಡುತ್ತಿದ್ದ ಇವಾನ್ ಕಾರ್ನಬಿ ಗಿಡ್ಡ ಕೊಕ್ಕಿನ ಬಗೆಯನ್ನು ಬೇರೆಯಾಗಿ ವಿವರಿಸುವವರೆಗೆ ತಿಳಿದವರೂ ಎರಡನ್ನೂ ಒಂದೇ ಅಂದುಕೊಂಡಿದ್ದರು, ಹಾಗಾಗಿ ನಿಮಗೆ ಗೊಂದಲ ಆಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನಾನಂತೂ ಮೊದಲು ನೆಲ ನೋಡುತ್ತೇನೆ. ಮರದ ಕೆಳಗೆ ಮ್ಯಾರಿ ಅನ್ನುವ ನೀಲಗಿರಿ ಬಗೆಯ ಮರದ ಕಾಯಿ ಬಿದ್ದಿದ್ದರೆ, ಅದೇ ಇಲ್ಲಿಯವರು ಹಾಂಕಿ ನಟ್ ಅನ್ನುವ ಗಟ್ಟಿ ಕಾಯಿ, ಎರಡು ಮೂರು ಹೆಕ್ಕಿ ಬಾಯಿಯ ಅಂಚು ನೋಡಿ. ಬೋಡಿನ್ ತನ್ನ ಉದ್ದ ಕೊಕ್ಕನ್ನು ಚಿಮ್ಮಟದ ಹಾಗೆ ಕಾಯಿಯ ಬಾಯೊಳಗೆ ತೂರಿಸಿ ಬೀಜ ಎಳೆದುಕೊಳ್ಳುತ್ತೆ. ಅಂಚು ಹೆಚ್ಚುಕಡಿಮೆ ಹಾಗೇ ಉಳಿದಿರುತ್ತೆ, ಹೊರಮೈ ಮೇಲೆ ಕೆಳಗಿನ ಕೊಕ್ಕು ಒತ್ತಿದ ಗುರುತು ಮಾತ್ರ ಕಾಣುತ್ತೆ. ಕಾರ್ನಬಿಗೆ ಅಷ್ಟು ಒಳಗೆ ಕೊಕ್ಕು ಹೋಗಲ್ಲ, ಅದಕ್ಕೇ ಅಂಚನ್ನು ಸುತ್ತಲೂ ಕಡಿದು ತೆಗೆಯುತ್ತೆ. ಕಾಯಿ ಇನ್ನೂ ಒರಟಾಗಿ, ಅಗಲವಾಗಿ ಕಿತ್ತುಹೋಗಿದ್ದರೆ ಅದು ಕೆಂಪುಬಾಲದ ಕಾಕಟೂ ಇರಬಹುದು. ರಿಂಗ್‌ನೆಕ್ ಗಿಳಿಗಳೂ ಈ ಕಾಯಿ ಕಡಿಯುತ್ತವೆ, ಆದ್ದರಿಂದ ಹಲ್ಲಿನಷ್ಟು ಸಣ್ಣ ಗುರುತು ಇದ್ದರೆ ಸುಮ್ನೆ ಕಾಕಟೂ ಲೆಕ್ಕಕ್ಕೆ ಹಾಕಬೇಡಿ.

ಕೂಗೂ ನೆರವಿಗೆ ಬರುತ್ತೆ. ಕಾರ್ನಬಿ 'ವೀ-ಲಾ' ಅಂತ ಎಳೆದು ಕೂಗುತ್ತೆ, ಬೋಡಿನ್‌ದು ಅದಕ್ಕಿಂತ ಚುಟುಕು. ಎರಡನ್ನೂ ಒಂದರ ಹಿಂದೊಂದು ಕೇಳದಿದ್ದರೆ ಈ ವ್ಯತ್ಯಾಸ ಕಿವಿಗೆ ಹತ್ತೋದು ಕಷ್ಟ, ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳೋದು ಒಳ್ಳೇದು.

ಜಾಗವನ್ನೂ ಲೆಕ್ಕಕ್ಕೆ ತಗೊಳ್ಳಿ. ಕಾರ್ನಬಿ ಗೋಧಿ ಬೆಳೆಯುವ ಒಳನಾಡಿನ ಮರದ ಪೊಟರೆಗಳಲ್ಲಿ ಮೊಟ್ಟೆಯಿಡುತ್ತೆ. ಅದು ಮುಗಿದ ಮೇಲೆ, ಜನವರಿ ಹೊತ್ತಿಗೆ, ಕರಾವಳಿ ಕಡೆ ಬಂದು ಬ್ಯಾಂಕ್ಸಿಯಾ ಅನ್ನುವ ಇಲ್ಲಿಯ ಮರದ ಕಾಯಿ, ಪೈನ್ ಕಾಯಿ ತಿನ್ನುತ್ತೆ. ಬೋಡಿನ್ ಜಾಸ್ತಿ ಇರೋದು ಜರಾ, ಮ್ಯಾರಿ, ಕ್ಯಾರಿ ಮರಗಳ ತೇವದ ಕಾಡಲ್ಲಿ ಮತ್ತು ಪರ್ತ್‌ನ ಪೂರ್ವಕ್ಕಿರುವ ಡಾರ್ಲಿಂಗ್ ಬೆಟ್ಟಸಾಲಲ್ಲಿ, ಅಲ್ಲಿನ ಸೇಬು ತೋಟದವರಿಗೆ ಇದನ್ನು ಕಂಡರೆ ಅಷ್ಟಕ್ಕಷ್ಟೇ. ನಿಮ್ಮ ಮನೆ ಸಮುದ್ರದ ಕಡೆಯ ಬಡಾವಣೆಯಲ್ಲಿದ್ದರೆ ನಾನು ಕಾರ್ನಬಿ ಅಂತಲೇ ಶುರು ಮಾಡುತ್ತೇನೆ. ಬೆಟ್ಟದ ಬುಡದಲ್ಲಿದ್ದರೆ ಮಾತ್ರ ಎರಡೂ ಸಾಧ್ಯ, ಒಂದೇ ಗುಂಪಿನಲ್ಲಿ ಬೆರೆತಿರೋದೂ ಉಂಟು.

ಹಾರುವಾಗ ಬಾಲ ಬಿಚ್ಚಿದ್ದನ್ನು ಒಮ್ಮೆ ನೋಡಿಕೊಳ್ಳಿ, ಯಾಕಂದ್ರೆ ಕೆಂಪುಬಾಲದ ಹೆಣ್ಣಿಗೆ ಬಾಲದಲ್ಲಿ ಕಿತ್ತಳೆ ಹಳದಿ ಅಡ್ಡಗೆರೆಗಳಿರುತ್ತವೆ, ಬಿಸಿಲಿಗೆ ಎದುರಾಗಿ ನೋಡಿದರೆ ಅದೂ ಬೆಳ್ಳಗೇ ಕಾಣಬಹುದು. ತಲೆ, ಭುಜದ ಮೇಲೆ ಹಳದಿ ಚುಕ್ಕಿ ಇದ್ದರೆ ಕೆಂಪುಬಾಲದ್ದೇ. ನಮ್ಮ ಬೇವಿನ ಕುಟುಂಬದ ಕೇಪ್ ಲೈಲಾಕ್ ಮರ ನಿಮ್ಮ ಬೀದಿಯಲ್ಲಿದ್ದರೆ ಅದರ ಕಾಯಿಗೆ ಇವು ಬಂದೇ ಬರುತ್ತವೆ.

ಇಷ್ಟೆಲ್ಲಾ ನೋಡಿಯೂ ತಿಳಿಯದಿದ್ದರೆ 'ಬಿಳಿಬಾಲದ ಕಪ್ಪು ಕಾಕಟೂ' ಅಂತ ಬರೆದುಕೊಳ್ಳಿ. ಪ್ರತಿವರ್ಷ ಸಂಜೆ ಹೊತ್ತು ನಡೆಯುವ ಗ್ರೇಟ್ ಕಾಕಿ ಕೌಂಟ್ ಎಣಿಕೆಯಲ್ಲೂ ಎರಡನ್ನೂ ಸೇರಿಸಿ ಹಾಗೇ ಬರೆಯುತ್ತಾರೆ. ಎರಡೂ ಅಳಿವಿನ ಅಂಚಿನ ಪಟ್ಟಿಯಲ್ಲಿರೋದರಿಂದ ಊಹೆಯ ಮೇಲೆ ಜಾತಿ ಹೆಸರು ಹಾಕಬೇಡಿ. ಪಕ್ಕದಿಂದ ತೆಗೆದ ಫೋಟೋ ಇದ್ದರೆ, ಮಸುಕಾಗಿದ್ದರೂ ಪರವಾಗಿಲ್ಲ, ಜೊತೆಗೆ ಕೆಳಗೆ ಬಿದ್ದ ಕಾಯಿಯ ಫೋಟೋನೂ ಹಾಕಿ, ನೋಡಿ ಹೇಳುತ್ತೇನೆ.