ಓದುಗರ ಪ್ರಶ್ನೆ: ಗಣಿ ಕಾರ್ಮಿಕರ ಮಾತು ಉಳಿಸುವುದು ಹೇಗೆ?

ಪ್ರಶ್ನೆ: ಕೆಜಿಎಫ್ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರ ಅನುಭವಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಬೇಕೆಂದಿದ್ದೇವೆ. ಏನೇನು ಗಮನಿಸಬೇಕು?

ಉತ್ತರ: ಮೊದಲನೆಯದಾಗಿ, ತಡ ಮಾಡಬೇಡಿ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು; ಅಂದು ನಲವತ್ತರಲ್ಲಿದ್ದವರೂ ಈಗ ಅರವತ್ತು ದಾಟಿದ್ದಾರೆ. ಕಲ್ಲುಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಇರುವವರಿಗೆ ಬಹಳ ಹೊತ್ತು ಮಾತಾಡಲು ಉಸಿರು ಸಾಲದು. ಒಂದು ಸಲಕ್ಕೆ 40 ನಿಮಿಷ ಸಾಕು, ಇನ್ನೊಂದು ದಿನ ಮತ್ತೆ ಹೋಗಿ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಕರೆ ಬಂದಾಗ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಬಹುದು. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಫ್ಯಾನ್ ಆರಿಸಿ, ಅದರ ಸದ್ದನ್ನು ಆಮೇಲೆ ತೆಗೆಯಹೋದರೆ ದನಿಯೂ ಕೆಡುತ್ತದೆ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ (ದನಿಯನ್ನು ಕುಗ್ಗಿಸದ) ಫೈಲ್, 48 ಕಿಲೋಹರ್ಟ್ಸ್, 24 ಬಿಟ್, ಮೋನೋ (ಒಂದೇ ಚಾನೆಲ್) ಇಟ್ಟರೆ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ.

'ಗಣಿ ಜೀವನ ಹೇಗಿತ್ತು?' ಎಂದು ಕೇಳಿದರೆ 'ಕಷ್ಟ ಇತ್ತು' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಶಿಫ್ಟ್ ಎಷ್ಟು ಗಂಟೆಗೆ, ಕೇಜ್‌ನಲ್ಲಿ (ಗಣಿಯ ಲಿಫ್ಟಿನಲ್ಲಿ) ಇಳಿಯುವಾಗ ಜೊತೆಗೆ ಯಾರಿದ್ದರು, ರಾಕ್ ಬರ್ಸ್ಟ್ (ಒತ್ತಡಕ್ಕೆ ಬಂಡೆ ಸಿಡಿಯುವುದು) ಆದಾಗ ಮನೆಗೆ ಸುದ್ದಿ ತಂದವರು ಯಾರು ಎಂದು ಕೇಳಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳ. ಅಲ್ಲಿನ ಸೆಕೆ ಎಂಥದ್ದೆಂದು ಇಳಿದವರೇ ಹೇಳಬೇಕು. ಹೆಂಗಸರನ್ನು ಬಿಡಲೇಬೇಡಿ. ಲೈನ್ ಮನೆಗಳ (ಕಾರ್ಮಿಕರ ಸಾಲುಮನೆಗಳ) ನೀರು, ರೇಷನ್, ಸಂಬಳವಿಲ್ಲದ ದಿನಗಳಲ್ಲಿ ಒಲೆ ಹೊತ್ತಿದ್ದು ಹೇಗೆ ಎಂಬುದೆಲ್ಲ ಅವರಿಗೇ ಗೊತ್ತು. ತಮಿಳು, ತೆಲುಗು, ಕನ್ನಡ ಬೆರೆತ ಮಾತನ್ನು ತಿದ್ದದೆ ಹಾಗೇ ಬರೆದುಕೊಳ್ಳಿ, ಅರ್ಥ ಪಕ್ಕದಲ್ಲಿರಲಿ.

ಒಪ್ಪಿಗೆಯ ವಿಷಯದಲ್ಲಿ ಒಂದೇ ಸಹಿ ಸಾಲದು. ಕುಟುಂಬಕ್ಕೆ ಕೊಡಲು, ಗ್ರಂಥಾಲಯದಲ್ಲಿಡಲು, ಇಂಟರ್ನೆಟ್ಟಿಗೆ ಹಾಕಲು ಬೇರೆ ಬೇರೆಯಾಗಿ ಕೇಳಿ. ಸಹಿ ಬಾರದವರ ಒಪ್ಪಿಗೆಯನ್ನು ಅವರ ದನಿಯಲ್ಲೇ ದಾಖಲಿಸಿ. ಮಾತು ಮುಗಿದ ಮೇಲೆ ಮತ್ತೊಮ್ಮೆ ಕೇಳುವುದು ನಮ್ಮ ಪ್ರಕಾರ ಕಡ್ಡಾಯ: ಹೇಳಿದ್ದು ಎಷ್ಟು ಖಾಸಗಿ ಎಂಬುದು ಹೇಳಿಯಾದ ಮೇಲೆಯೇ ಅರಿವಾಗುತ್ತದೆ. ಮೇಲಧಿಕಾರಿಯ ಹೆಸರು ಹಿಡಿದು ಮಾಡಿದ ಆರೋಪ, ಯಾರದೋ ಕಾಯಿಲೆಯ ವಿವರ ಮೂಲ ಫೈಲಿನಲ್ಲಿರಲಿ, ಸಾರ್ವಜನಿಕ ಪ್ರತಿಯಲ್ಲಿ ಬೇಡ.

ವಾಟ್ಸಾಪ್ ಗ್ರೂಪನ್ನು ಸಂಗ್ರಹವೆಂದು ನಂಬಬೇಡಿ. ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲೊಂದು, ಬೇರೆಯವರ ಮನೆಯ ಹಾರ್ಡ್ ಡಿಸ್ಕಿನಲ್ಲೊಂದು, ಕ್ಲೌಡ್‌ನಲ್ಲೊಂದು. ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಸಂಗ್ರಹಕ್ಕೆ ಏರಿಸುವಾಗ ಎಷ್ಟನೇ ನಿಮಿಷದಲ್ಲಿ ಏನಿದೆ ಎಂಬ ಪಟ್ಟಿ ಜೊತೆಗಿರಲಿ. ಅದಿಲ್ಲದ ಒಂದು ಗಂಟೆಯ ಆಡಿಯೋವನ್ನು ಮೊಮ್ಮಕ್ಕಳೂ ಪೂರ್ತಿ ಕೇಳುವುದಿಲ್ಲ.

ಪ್ರಶ್ನೆ: ಸಂಘದ ಸಭೆಯ ಹಳೆಯ ಕ್ಯಾಸೆಟ್‌ಗಳಿವೆ. ಅವನ್ನೇನು ಮಾಡುವುದು?

ಉತ್ತರ: ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ (ಟೇಪು ಕಾಣುವ ಅಂಚಿನ ಎದುರು ಬದಿಯ) ಎರಡು ಪ್ಲಾಸ್ಟಿಕ್ ಚೂರು ಮುರಿಯಿರಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ. ಪ್ಲೇಯರಿನ ಹೆಡ್ಡನ್ನು (ಟೇಪನ್ನು ಓದುವ ಭಾಗ) ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ಟೇಪು ಹಾಕಿ. ಪ್ಲೇಯರನ್ನು ಕಂಪ್ಯೂಟರಿನ ಲೈನ್-ಇನ್ ಕಿಂಡಿಗೆ ಜೋಡಿಸಿ. ಮೈಕ್ ಕಿಂಡಿಗೆ ಕೊಟ್ಟರೆ ದನಿ ಒಡೆಯುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ಹಾಕಲೇಬೇಡಿ, ಹೆಡ್ಡಿನ ಮೂಲಕ ಬೂಷ್ಟು ಉಳಿದವಕ್ಕೂ ಹರಡುತ್ತದೆ.