ಉಗುಳು ಪರೀಕ್ಷೆ ಮಾಡಿಸಿದರೆ ಬಯಾಪ್ಸಿ ತಪ್ಪುತ್ತಾ?

ಪ್ರಶ್ನೆ: ನಮ್ಮ ತಂದೆಗೆ 52 ವರ್ಷ. ರೈಸ್ ಮಿಲ್ಲಿನಲ್ಲಿ ಹಮಾಲಿ. ಇಪ್ಪತ್ತು ವರ್ಷದಿಂದ ಗುಟ್ಕಾ ಹಾಕ್ತಾರೆ. ಎರಡು ತಿಂಗಳಿಂದ ಬಲಗೆನ್ನೆಯ ಒಳಗೆ ಬಿಳಿ ಕಲೆ, ನಡುನಡುವೆ ಕೆಂಪು. ಒಗ್ಗರಣಿ ಜೊತೆ ಮಿರ್ಚಿ ತಿಂದರೆ ಉರಿ ಅಂತಾರೆ. ದಂತವೈದ್ಯರು ಬಯಾಪ್ಸಿ (ಕಲೆಯಿಂದ ಚೂರು ತೆಗೆದು ಪರೀಕ್ಷೆ) ಬರೆದಿದ್ದಾರೆ. ಚುಚ್ಚಿದರೆ ಹರಡುತ್ತೆ ಅಂತ ಓಣಿಯವರು ಹೆದರಿಸಿದ್ದಾರೆ. ಉಗುಳಲ್ಲೇ ಕ್ಯಾನ್ಸರ್ ಗೊತ್ತಾಗುತ್ತೆ ಅಂತ ಮೊಬೈಲಲ್ಲಿ ನೋಡಿದೆ. ಅದೊಂದು ಮಾಡಿಸಿದರೆ ಸಾಕಾ?
– ಹೆಸರು ಬೇಡ, ಗಂಗಾವತಿ

ಉತ್ತರ: ಸಾಕಾಗಲ್ಲ. ಕಣ್ಣಿಗೆ ಕಾಣುವ ಕಲೆ ಇದೆ, ಅದೂ ಬಿಳಿಯ ನಡುವೆ ಕೆಂಪು. ಬರೀ ಬಿಳಿ ಕಲೆಗಿಂತ ಇದಕ್ಕೆ ನಾವು ಜಾಸ್ತಿ ಹೆದರುತ್ತೇವೆ. ಉಗುಳು ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೂ ಬಯಾಪ್ಸಿ ಬೇಕು, ಇದೆ ಅಂತ ಬಂದರೂ ಬಯಾಪ್ಸಿ ಬೇಕು. ಹಾಗಾದರೆ ನಡುವೆ ಅದಕ್ಕೆ ದುಡ್ಡು, ದಿನ ಎರಡೂ ಯಾಕೆ ಕಳೆಯಬೇಕು ಹೇಳಿ?

ನೀವು ನೋಡಿದ್ದು ಸುಳ್ಳಲ್ಲ. ಗಡ್ಡೆಯಿಂದ ಉದುರುವ ಜೀವಕೋಶ, ಪ್ರೋಟೀನ್, ಆರ್‌ಎನ್‌ಎ (ಜೀವಕೋಶದೊಳಗೆ ಸಂದೇಶ ಒಯ್ಯುವ ವಸ್ತು) ಚೂರು ಎಲ್ಲ ಉಗುಳಿಗೆ ಬರುತ್ತವೆ. 2004ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ವಾಂಗ್ ಅವರ ತಂಡ ಬಾಯಿ ಕ್ಯಾನ್ಸರ್ ಇದ್ದ 32 ಜನ, ಇಲ್ಲದ 32 ಜನರ ಉಗುಳು ಹೋಲಿಸಿತು. ಏಳು ಆರ್‌ಎನ್‌ಎ ಗುರುತುಗಳು ರೋಗಿಗಳಲ್ಲಿ ಹೆಚ್ಚಿದ್ದವು. ಅದರಲ್ಲಿ ನಾಲ್ಕನ್ನು ಸೇರಿಸಿ ನೋಡಿದಾಗ ಶೇ 91ರಷ್ಟು ರೋಗಿಗಳನ್ನು ಹಿಡಿಯಿತು, ಆರೋಗ್ಯವಂತರಲ್ಲೂ ಶೇ 91ರಷ್ಟು ಮಂದಿಗೆ ಸರಿಯಾಗಿ 'ಇಲ್ಲ' ಅಂದಿತು. ಕೇಳೋಕೆ ಭರ್ಜರಿಯಾಗಿದೆ ಅಲ್ವಾ?

ಈಗ ಲೆಕ್ಕ ಹಾಕಿ. ಗುಟ್ಕಾ ಹಾಕುವ 1000 ಜನರನ್ನು ಸಾಲಾಗಿ ಕೂರಿಸಿದಿರಿ ಅಂದುಕೊಳ್ಳಿ. ಅವರಲ್ಲಿ 10 ಜನರಿಗೆ ಕ್ಯಾನ್ಸರ್ ಇದೆ ಅಂತಿಟ್ಟುಕೊಳ್ಳೋಣ. ರೋಗ ಇದ್ದವರಲ್ಲಿ ಶೇ 90, ಇಲ್ಲದವರಲ್ಲೂ ಶೇ 90ರಷ್ಟು ಸರಿ ಹೇಳುವ ಪರೀಕ್ಷೆ ಆ 10ರಲ್ಲಿ 9 ಜನರನ್ನು ಹಿಡಿಯುತ್ತೆ, ಒಬ್ಬರನ್ನು ಬಿಡುತ್ತೆ. ಉಳಿದ 990ರಲ್ಲಿ 99 ಜನರಿಗೆ ಏನೂ ಇಲ್ಲದಿದ್ದರೂ 'ಇದೆ' ಅನ್ನುತ್ತೆ. ಅಂದರೆ ಹೆದರಿ ಆಸ್ಪತ್ರೆಗೆ ಓಡಿದ 108 ಜನರಲ್ಲಿ ನಿಜವಾದ ರೋಗಿಗಳು 9! ಆ ಬಿಟ್ಟುಹೋದ ಒಬ್ಬರೋ, ರಿಪೋರ್ಟ್ ನಾರ್ಮಲ್ ಬಂತು ಅಂತ ಇನ್ನೊಂದು ಪೊಟ್ಟಣ ಹರಿದು ಬಾಯಿಗೆ ಹಾಕಿಕೊಂಡಿರುತ್ತಾರೆ. ನನಗೆ ಜಾಸ್ತಿ ಭಯ ಇರುವುದು ಅವರ ಬಗ್ಗೆಯೇ.

ಇನ್ನೊಂದು ತೊಡಕಿದೆ. ಇಂಥ ಪರೀಕ್ಷೆಗಳಲ್ಲಿ ಹುಡುಕುವ ಐಎಲ್-8, ಐಎಲ್-6 ಅನ್ನುವ ಗುರುತುಗಳು ಬರೀ ಉರಿಯೂತ ಇದ್ದರೂ ಏರುತ್ತವೆ. ವಸಡಿನಲ್ಲಿ ಕೀವು, ರಕ್ತ ಇದ್ದರೂ ಏರಬಹುದು. ಗುಟ್ಕಾ ಹಾಕುವವರಲ್ಲಿ ವಸಡು ಚೆನ್ನಾಗಿರುವವರು ಎಷ್ಟು ಜನ ಸಿಗ್ತಾರೆ? ಮೇಲಾಗಿ ಉಗುಳು ತೆಗೆದುಕೊಳ್ಳುವುದೂ ಸಲೀಸಲ್ಲ. ಒಂದು ಗಂಟೆಯಾದರೂ ಊಟ, ಚಹಾ, ಎಲೆ ಅಡಿಕೆ ಏನೂ ಇರಬಾರದು. ಕ್ಯಾಕರಿಸಿ ತೆಗೆದ ಕಫ ನಡೆಯಲ್ಲ, ತಲೆ ತಗ್ಗಿಸಿ ತಾನಾಗಿ ಬಂದ ಜೊಲ್ಲನ್ನು ಟ್ಯೂಬಿಗೆ ಬಿಡಬೇಕು. ಆಮೇಲೆ ಅದು ಐಸ್‌ನಲ್ಲಿರಬೇಕು, ಇಲ್ಲದಿದ್ದರೆ ಆರ್‌ಎನ್‌ಎ ಬೇಗ ಕೆಡುತ್ತೆ. ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ಕಳಿಸಿದ ಟ್ಯೂಬಿನ ಗತಿ ನೀವೇ ಊಹಿಸಿ.

ಹಾಗಂತ ಇದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಆಪರೇಷನ್ ಆದವರಲ್ಲಿ ರೋಗ ಮರಳಿ ಬರುತ್ತಿದೆಯಾ ಅಂತ ಗಮನಿಸೋಕೆ, ಯಾರನ್ನು ಮೊದಲು ತಜ್ಞರ ಹತ್ತಿರ ಕಳಿಸಬೇಕು ಅಂತ ಆರಿಸೋಕೆ ಮುಂದೆ ಉಪಯೋಗಕ್ಕೆ ಬರಬಹುದು. ಸದ್ಯಕ್ಕೆ ಕಣ್ಣು ಮತ್ತು ಟಾರ್ಚೇ ಮೇಲು. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು, ಅಷ್ಟೇ. 2005ರಲ್ಲಿ ಬಂದ ಫಲಿತಾಂಶದಲ್ಲಿ ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಕಡಿಮೆಯಾಗಿತ್ತು.

ಇನ್ನು ಬಯಾಪ್ಸಿ. ಚುಚ್ಚಿದರೆ ಹರಡುತ್ತೆ ಅನ್ನುವ ಮಾತು ಹುಟ್ಟಿದ್ದು, ಜನ ತುಂಬಾ ತಡವಾಗಿ ಬರುವುದರಿಂದ. ಆಗಲೇ ಹರಡಿರುತ್ತೆ, ಗೊತ್ತಾಗುವುದು ಬಯಾಪ್ಸಿ ಆದ ಮೇಲೆ. ಮಾಡುವುದಿಷ್ಟು: ಕೆನ್ನೆಗೆ ಮರಗಟ್ಟುವ ಇಂಜೆಕ್ಷನ್, ಕಲೆಯ ಅಂಚಿನಿಂದ ಜೋಳದ ಕಾಳಿನಷ್ಟು ತುಣುಕು, ಬೇಕಾದರೆ ಒಂದೆರಡು ಹೊಲಿಗೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೆ ಕರೆದುಕೊಂಡು ಹೋಗಿ, ಆಧಾರ್, ರೇಷನ್ ಕಾರ್ಡ್ ಎರಡೂ ಜೊತೆಗಿರಲಿ. ಕ್ಯಾನ್ಸರ್ ಅಂತಲೇ ಬಂದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮುಂದಿನ ವಾರ, ಸುಗ್ಗಿ ಮುಗಿಯಲಿ ಅಂತ ಮುಂದೂಡಬೇಡಿ. ಮಿಲ್ಲಿನವರಿಗೆ ಒಂದು ದಿನದ ರಜೆ ಹೇಳಿ.

ಪ್ರಶ್ನೆ: ವಯಸ್ಸು 29. ತಂಬಾಕು ಮುಟ್ಟಲ್ಲ, ಬರೀ ಪಾನ್ ಮಸಾಲಾ. ಈಚೆಗೆ ಬಾಯಿ ಪೂರ್ತಿ ತೆರೆಯೋಕೆ ಆಗ್ತಿಲ್ಲ. ವರ್ಷಕ್ಕೊಮ್ಮೆ ಉಗುಳು ಪರೀಕ್ಷೆ ಮಾಡಿಸ್ತಾ ಇರಲಾ?
– ಸಿಂಧನೂರಿನ ಓದುಗರು

ಉತ್ತರ: ನಿಮ್ಮದೇ ಮೂರು ಬೆರಳು ಜೋಡಿಸಿ ಮೇಲಿನ, ಕೆಳಗಿನ ಹಲ್ಲಿನ ನಡುವೆ ನಿಲ್ಲಿಸಿ ನೋಡಿ. ಹಿಡಿಯದಿದ್ದರೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಕೆನ್ನೆ ಒಳಗೆ ನಾರು ಕಟ್ಟಿ ಬಿಗಿಯಾಗುವ ಕಾಯಿಲೆ, ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೆ ತಿರುಗುತ್ತೆ. ಮುಖ್ಯ ಕಾರಣ ಅಡಿಕೆಯೇ. ಅಡಿಕೆ ಒಂದೇ ಆದರೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಪೊಟ್ಟಣ ಇವತ್ತೇ ಬಿಡಿ. ಉಗುಳು ಪರೀಕ್ಷೆಯ ದುಡ್ಡು ಉಳಿಸಿ, ರಾಯಚೂರಿನಲ್ಲಿ ದಂತ ಕಾಲೇಜುಗಳಿವೆ, ಈ ವಾರವೇ ಹೋಗಿ ತೋರಿಸಿ. ಆರು ತಿಂಗಳಿಗೊಮ್ಮೆಯಾದರೂ ಅಲ್ಲೇ ಬಾಯಿ ತೋರಿಸಿಕೊಳ್ಳಿ. ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಆ ಆರು ತಿಂಗಳಿಗೆ ಕಾಯಬೇಡಿ.