ಇಷ್ಟದ ಕಾಡು ಸುಟ್ಟುಹೋದರೆ ಅಳೋದು ಅತಿಯಾಯ್ತಾ?

ಚಿಕ್ಕಂದಿನಿಂದ ಓಡಾಡಿದ ಕಾಡು ಕಾಡ್ಗಿಚ್ಚಿಗೆ ಹೋಯ್ತು, ಮನೆ ಸುಟ್ಟಿಲ್ಲ, ಯಾರೂ ಸತ್ತಿಲ್ಲ, ಆದರೂ ಮೂರು ವಾರದಿಂದ ನೆನೆಸಿಕೊಂಡಾಗಲೆಲ್ಲ ಅಳು ಬರುತ್ತೆ, ನನಗೇನಾದರೂ ಆಗಿದೆಯಾ ಅಂತ ಕೇಳಿದ್ದೀರಿ. ಏನೂ ಆಗಿಲ್ಲ. ಆರು ವರ್ಷದ ಹಿಂದೆ ನನಗೂ ಹೀಗೇ ಆಗಿತ್ತು. ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಅಷ್ಟೇ ವ್ಯತ್ಯಾಸ.

ಮನುಷ್ಯರು ಹೋದರೆ ನಾಲ್ಕು ಜನ ಬಂದು ಮಾತಾಡಿಸಿಕೊಂಡು ಹೋಗುತ್ತಾರೆ. ಕಾಡು ಹೋದರೆ "ಬಿಡು, ಮತ್ತೆ ಬೆಳೆಯುತ್ತೆ" ಅನ್ನುತ್ತಾರೆ. ಈ ಮಾತು ಸುಳ್ಳಲ್ಲ, ಅದಕ್ಕೇ ಎದುರು ಹೇಳೋಕೆ ಆಗಲ್ಲ. 1988ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜಾಗಕ್ಕೆ ಬೆಂಕಿ ಹರಡಿತ್ತು. ಅಲ್ಲಿ ಲಾಡ್ಜ್‌ಪೋಲ್ ಪೈನ್ ಅಂತ ಒಂದು ಮರ ಇದೆ, ಅದರ ಎಷ್ಟೋ ಕಾಯಿಗಳು ಅಂಟಿನಿಂದ ಬಿಗಿಯಾಗಿ ಮುಚ್ಚಿಕೊಂಡಿದ್ದು, ಬೆಂಕಿಯ ಶಾಖ ತಾಗಿದ ಮೇಲೇ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಹಾಗಾಗಿ ಕಾಡು ನಿಜವಾಗಲೂ ಮತ್ತೆ ಬಂತು. ಆದರೆ ಬಂದದ್ದು ಎಳೆ ಕಾಡು. ಇನ್ನೂರು ವರ್ಷದ ಮರಗಳ ಕೆಳಗೆ ನಡೆದಾಡಿದವರಿಗೆ ಆ ನೆರಳು ವಾಪಸ್ ಸಿಗಬೇಕು ಅಂದರೆ ಇನ್ನೊಂದು ಇನ್ನೂರು ವರ್ಷ ಬದುಕಿರಬೇಕು, ಅಲ್ವಾ? ಕಾಡಿಗೆ ಅಷ್ಟು ಸಮಯ ಇದೆ. ನಮಗಿಲ್ಲ. "ಬೆಳೆಯುತ್ತೆ" ಅನ್ನುವವರು ಕಾಡಿನ ಲೆಕ್ಕ ಹೇಳುತ್ತಿದ್ದಾರೆ, ನೀವು ಅಳುತ್ತಿರೋದು ನಿಮ್ಮ ಲೆಕ್ಕಕ್ಕೆ.

ಈ ಸಂಕಟಕ್ಕೆ ಒಂದು ಹೆಸರೂ ಇದೆ. ಆಸ್ಟ್ರೇಲಿಯಾದಲ್ಲಿ ಕಲ್ಲಿದ್ದಲು ಗಣಿಗಳು ಹಂಟರ್ ಕಣಿವೆಯ ನೆಲವನ್ನು ಗುರುತೇ ಸಿಗದ ಹಾಗೆ ಅಗೆದು ಹಾಕಿದಾಗ, ಅಲ್ಲಿಯ ಜನ ಪಡುತ್ತಿದ್ದ ಪಾಡು ನೋಡಿ ಗ್ಲೆನ್ ಆಲ್ಬ್ರೆಕ್ಟ್ ಎಂಬ ತತ್ವಶಾಸ್ತ್ರಜ್ಞ 2003ರ ಸುಮಾರಿಗೆ 'ಸೋಲಾಸ್ಟಾಲ್ಜಿಯಾ' ಅನ್ನುವ ಪದ ಕಟ್ಟಿದರು. ಊರು ಬಿಟ್ಟು ಬಂದವರು ಊರಿಗಾಗಿ ಹಂಬಲಿಸುತ್ತಾರಲ್ಲ, ಅಂಥದ್ದೇ ಹಂಬಲ, ಆದರೆ ನೀವು ಎಲ್ಲಿಗೂ ಹೋಗಿಲ್ಲ, ಜಾಗವೇ ನಿಮ್ಮನ್ನು ಬಿಟ್ಟು ಹೋಗಿದೆ. ಹೆಸರು ಗೊತ್ತಾದರೆ ಅಳು ನಿಲ್ಲುತ್ತೆ ಅಂತ ಹೇಳ್ತಿಲ್ಲ. ನನಗೆ ಮಾತ್ರ ಸ್ವಲ್ಪ ಧೈರ್ಯ ಬಂತು.

ಹೋಗಿ ನೋಡಲಾ ಬೇಡ್ವಾ ಅಂತಲೂ ಕೇಳಿದ್ದೀರಿ. ನೋಡಿ, ಆದರೆ ಅವಸರ ಬೇಡ. ಒಳಗೆ ಬಿಡುತ್ತಾರಾ ಅಂತ ಮೊದಲು ವಿಚಾರಿಸಿ. ಸುಟ್ಟು ನಿಂತ ಮರ ಗಾಳಿಯೇ ಇಲ್ಲದೆ ಬೀಳಬಹುದು. ಬೇರು ಮಣ್ಣೊಳಗೇ ಸುಟ್ಟು ಪೊಳ್ಳಾಗಿರುತ್ತೆ, ಮೇಲೆ ಬೂದಿ ಮುಚ್ಚಿರುತ್ತೆ, ಕಾಲಿಟ್ಟರೆ ಕುಸಿಯುತ್ತೆ. ಇಳಿಜಾರಿದ್ದರೆ ಜೋರು ಮಳೆಯ ದಿನ ಆ ಕಡೆ ತಲೆ ಹಾಕಬೇಡಿ. ಹಿಡಿದಿಡೋಕೆ ಹುಲ್ಲು, ಗಿಡ ಇಲ್ಲದೆ ಮಣ್ಣು ಜಾರುತ್ತೆ.

ನಾನು ಹೋದಾಗ ನನ್ನನ್ನು ಕಂಗೆಡಿಸಿದ್ದು ಕರಿ ಮರಗಳಲ್ಲ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ನಮ್ಮ ಕಾಲುದಾರಿ ಸುತ್ತಿ ಬಳಸಿ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಎಲ್ಲೋ ದೂರ ಹೋಗಿಬಿಟ್ಟೆವು ಅನ್ನಿಸುತ್ತಿತ್ತು. ಮರ ಇಲ್ಲದೆ ನಿಂತು ನೋಡಿದರೆ ಹೊರಟ ಜಾಗ ಅಲ್ಲೇ ಕೆಳಗೆ ಕಾಣುತ್ತಿದೆ, ಕೂಗಿದರೆ ಕೇಳುವಷ್ಟು ಹತ್ತಿರ. ಒಂದೇ ಇಳಿಜಾರಿನಲ್ಲಿ ಅಷ್ಟು ವರ್ಷ ಸುತ್ತು ಹಾಕಿದ್ದೆವು! ದೂರ ಅನ್ನೋದನ್ನು ಮರಗಳೇ ಮಾಡಿದ್ದು. ಆಮೇಲೆ, ಒಂದು ಕಡೆ ಕಾಲು ತಾನಾಗಿ ಮೇಲೆದ್ದಿತು. ಅಲ್ಲಿ ಅಡ್ಡ ಇದ್ದ ಬೇರು ಈಗಿಲ್ಲ, ಕಾಲಿಗೆ ಅದು ಗೊತ್ತಿರಲಿಲ್ಲ. ಆಗ ಅತ್ತೆ.

ಎರಡನೇ ಸಲ ಸುಮ್ನೆ ಒಂದು ಚೀಲ ಬೀಜ ತಗೊಂಡು ಹೋಗಿ ಎರಚೋಕೆ ಶುರು ಮಾಡಿದೆ. ಕಾವಲಿನವರು ನೋಡಿ ಸರಿಯಾಗಿ ಬೈದರು. ಬೈದದ್ದು ನ್ಯಾಯವೇ. ಮಣ್ಣೊಳಗೆ ಎಷ್ಟೋ ಸಲ ಅಲ್ಲಿಯದೇ ಬೀಜ, ಬೇರು ಜೀವ ಹಿಡಿದುಕೊಂಡಿರುತ್ತೆ, ಹೊರಗಿನ ಗಿಡ ತಂದು ಅದರ ಜಾಗ ಕಸಿಯಬಾರದು. ಬೆಂದದ್ದೆಲ್ಲ ಸತ್ತೇ ಹೋಗಿರುತ್ತೆ ಅಂತಲೂ ಅಲ್ಲ. ಹವಾಯಿಯ ಲಹೈನಾದಲ್ಲಿ 2023ರ ಆಗಸ್ಟ್‌ನ ಬೆಂಕಿಗೆ ಸುಮಾರು 100 ಜನ ಸತ್ತರು, ಊರೇ ಬೂದಿಯಾಯ್ತು. ಅಲ್ಲಿ 1873ರಲ್ಲಿ ನೆಟ್ಟ, ಇಂಡಿಯಾದಿಂದ ಹೋದ ಆಲದ ಮರ ಒಂದಿದೆ. ಅದೂ ಬೆಂದಿತ್ತು. ಕೆಲವೇ ವಾರದಲ್ಲಿ ಚಿಗುರಿತು. ಸತ್ತ ಭಾಗಗಳನ್ನು ಕಡಿಯಬೇಕಾಯ್ತು, ಅದನ್ನು ಜನ ಅಷ್ಟಾಗಿ ಹೇಳಲ್ಲ, ಚಿಗುರಿನ ಫೋಟೋ ಮಾತ್ರ ಹಂಚುತ್ತಾರೆ.

ಒಂದು ಕೆಲಸ ಮಾತ್ರ ಈಗಲೇ ಮಾಡಿ. ಆ ಜಾಗ ಗೊತ್ತಿರುವ ಇನ್ನೊಬ್ಬರನ್ನು ಹಿಡಿದು, ನೆನಪಿನಿಂದಲೇ ಅದರ ನಕ್ಷೆ ಬರೆಯಿರಿ. ಎಲ್ಲಿ ಕೂರುತ್ತಿದ್ದಿರಿ, ಎಲ್ಲಿ ಜಾರುತ್ತಿತ್ತು, ಎಲ್ಲ. ಹಳೇ ಫೋಟೋ ಇದ್ದವರನ್ನು ಕೇಳಿ, ಹಿನ್ನೆಲೆಯಲ್ಲಿ ಒಂದು ಕೊಂಬೆ ಕಂಡರೂ ಸಾಕು. ನಾನು ಅಕ್ಕನ ಜೊತೆ ಕೂತು ಬರೆದೆ, ತಡವಾಗಿ. ನಾವು ಕೂತು ತಿಂಡಿ ತಿನ್ನುತ್ತಿದ್ದ ಬಿದ್ದ ಮರ ದಾರಿಯ ಎಡಕ್ಕಿತ್ತು ಅಂತಾಳೆ ಅವಳು. ಬಲಕ್ಕಿತ್ತು ಅಂತೀನಿ ನಾನು. ಹೋಗಿ ನೋಡಿ ಬರೋಣ ಅನ್ನೋಕೆ ಬಾಯಿ ತೆರೆದವಳು ಹಾಗೇ ಸುಮ್ಮನಾದಳು.